ಮೇಲೆ ಗಟ್ಟಿ, ಕೆಳಗೆ ಮೆತ್ತಗೆ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ, ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಒಳಗಿನ ಕೂಸಿನ ತಲೆ ಯಾವ ಕಡೆಗಿದೆ ಎಂದು ತಿಳಿಯುವ ಕೆಲಸ ಭವಾನಿಯದು, ನನ್ನದಲ್ಲ. ಹೇಳುವಾಗ ಎಲ್ಲಾದರೂ ತಪ್ಪಿದರೆ ಬಲ್ಲವರು ತಿದ್ದಬಹುದು. ಬಲ್ಲವರೇ ಹೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಆದರೆ ಬಲ್ಲವರಿಗೆ ಬಿಡುವಿಲ್ಲ, ಭವಾನಿಗೆ ಧೈರ್ಯವಿಲ್ಲ, ಹಾಗಾಗಿ ಅರ್ಧಂಬರ್ಧ ತಿಳಿದ ನನ್ನ ಪಾಲಿಗೆ ಬಂದಿದೆ.

ತಿಂಗಳ ತಪಾಸಣೆಯ ದಿನ ಭವಾನಿ ಮೊದಲು ಮಾಡುವ ಕೆಲಸವೆಂದರೆ ಅಂಗೈಗಳನ್ನು ಒಂದಕ್ಕೊಂದು ಉಜ್ಜುವುದು. ತಣ್ಣನೆಯ ಕೈ ತಾಗಿದರೆ ಹೊಟ್ಟೆ ಬಿಗಿದುಕೊಳ್ಳುತ್ತದೆ, ಬಿಗಿದ ಹೊಟ್ಟೆಯೊಳಗೆ ಏನೂ ತಿಳಿಯುವುದಿಲ್ಲ ಎಂದು ನರ್ಸ್ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನವಲಿಯಿಂದ ಸ್ವಲ್ಪ ಒಳಗೆ, ಭತ್ತದ ಗದ್ದೆಗಳ ನಡುವಿರುವ ಆ ಊರಿನ ಹೆಂಗಸರು ಮಾತ್ರ ಸಿಸ್ಟರ್ ದೇವರಿಗೆ ಕೈಮುಗಿಯುತ್ತಿದ್ದಾರೆಂದು ತಿಳಿದು, ಅಷ್ಟು ಹೊತ್ತು ಮಾತು ನಿಲ್ಲಿಸುತ್ತಿದ್ದರು. ಆರೋಗ್ಯ ಉಪಕೇಂದ್ರದಲ್ಲಿ ತನಗೆ ಸಿಗುವ ಗೌರವ ಅದೊಂದೇ ಎಂದು ಗೊತ್ತಿದ್ದ ಭವಾನಿ, ಕೈ ಬಿಸಿಯಾದ ಮೇಲೂ ಇನ್ನಷ್ಟು ಹೊತ್ತು ಉಜ್ಜುತ್ತಿದ್ದಳು. ತರಬೇತಿಯಲ್ಲಿ ಹೇಳಿದ್ದು ಇನ್ನೂ ಕೆಲವಿದ್ದವು. ಬಸುರಿ ಮೂತ್ರ ಮಾಡಿ ಬಂದಿರಬೇಕು, ಇಲ್ಲದಿದ್ದರೆ ತುಂಬಿದ ಚೀಲವೇ ಕೂಸಿನ ಒಂದು ಭಾಗವೆಂದು ಕೈಯನ್ನು ಮೋಸಗೊಳಿಸುತ್ತದೆ. ಆದರೆ ಉಪಕೇಂದ್ರದ ಹಿಂದೆ ಕಟ್ಟಿಸಿದ ಶೌಚಾಲಯಕ್ಕೆ ಬೀಗ ಹಾಕಿತ್ತು. ಅದಿನ್ನೂ ಉದ್ಘಾಟನೆಯಾಗಬೇಕಿತ್ತು, ಉದ್ಘಾಟಿಸುವವರ ತಾರೀಖು ಸಿಕ್ಕಿರಲಿಲ್ಲ. ಸ್ವಚ್ಛತೆಯ ಬಗ್ಗೆ ಅದರ ಗೋಡೆಯ ಮೇಲೆ ಬರೆಸಿದ ಅಕ್ಷರಗಳು ಬಿಸಿಲಿಗೆ ಮಾಸಿ ಎರಡನೇ ಸಲ ಬರೆಸಿದ್ದೂ ಆಗಿತ್ತು. ಮತ್ತೆ, ಒತ್ತುವಾಗ ಬಸುರಿಯ ಮುಖ ನೋಡುತ್ತಿರಬೇಕು, ನೋವಾದರೆ ಮುಖ ಹೇಳುತ್ತದೆ ಎಂದಿದ್ದರು. ಇಲ್ಲಿ ಬಸುರಿ ನಾಚಿಕೆಗೆ ಸೆರಗನ್ನು ಮುಖಕ್ಕೆ ಎಳೆದುಕೊಂಡಿರುತ್ತಾಳೆ, ಅವಳ ಮುಖ ಇರಬೇಕಾದಲ್ಲಿ ಅತ್ತೆಯ ಮುಖ ಬಗ್ಗಿರುತ್ತದೆ. ಆ ಮುಖಕ್ಕೆ ನೋವಾಗುವುದಿಲ್ಲ. ಅದು ಬಸುರಿಯ ಹೊಟ್ಟೆಯನ್ನೂ ನೋಡುವುದಿಲ್ಲ, ಭವಾನಿಯ ಮುಖವನ್ನೇ ನೋಡುತ್ತಿರುತ್ತದೆ.

ಅವತ್ತು ಹಾಗೆ ಬಗ್ಗಿದ್ದ ಮುಖ ಮುದಕಮ್ಮನದು. ಮಂಚದ ಮೇಲೆ ಮಲಗಿದ್ದವಳು ಅವಳ ಸೊಸೆ ದುರ್ಗಾದೇವಿ, ಎರಡನೇ ಬಸಿರು, ದಿನಗಳು ಹತ್ತಿರ ಬಂದಿದ್ದವು. ಮೊದಲನೆಯದು ಹೆಣ್ಣು. ಮೊದಲ ಹೆರಿಗೆ ತವರಿನವರ ಖರ್ಚು, ಎರಡನೆಯದು ಗಂಡನ ಮನೆಯವರದು ಎಂಬುದು ಅವರ ಪದ್ಧತಿ. ಹಾಗೆಂದು ಮುದಕಮ್ಮ ಗಂಗಾವತಿಯ ಆಸ್ಪತ್ರೆಗೆ ಕರೆದೊಯ್ಯುತ್ತೇನೆ ಎಂದು ಓಣಿಯಲ್ಲೆಲ್ಲ ಹೇಳಿಯೂ ಇದ್ದಳು. ಆದರೆ ಪದ್ಧತಿಗೂ ಒಂದು ಸಂದು ಇರುತ್ತದಲ್ಲ. ಇದೂ ಹೆಣ್ಣೇ ಆಗುವ ಹಾಗಿದ್ದರೆ, ಸೊಸೆಗೆ ತವರಿನ ನೆನಪಾಗಿದೆ ಎಂದು ಸಾರಿ, ಅಳವಂಡಿ ಕಡೆಯ ಅವಳ ತಾಯಿಯ ಊರಿಗೆ ಕಳಿಸಿಬಿಡುವ ದಾರಿಯನ್ನೂ ಅವಳು ತೆರೆದೇ ಇಟ್ಟಿದ್ದಳು.

ಭವಾನಿ ಎರಡೂ ಕೈಗಳನ್ನು ಹೊಟ್ಟೆಯ ಮೇಲ್ತುದಿಗೆ, ಎದೆಯ ಎಲುಬಿನ ಬುಡಕ್ಕೆ ಇಟ್ಟಳು. ಗಟ್ಟಿಯಾಗಿ, ದುಂಡಗೆ ಏನೋ ಸಿಕ್ಕಿತು. ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಅದು ತಾನೊಂದೇ ಅಲುಗಿ, ನೀರಿನಲ್ಲಿ ತೇಲಿದಂತೆ ಹೋಗಿ, ವಾಪಸು ಬೆರಳಿಗೆ ತಾಗಿತು. ಕೆಳಗೆ ಹುಡುಕಿದಳು. ಮೆತ್ತಗೆ, ಅಗಲವಾಗಿ ಇನ್ನೇನೋ ಇತ್ತು, ತಳ್ಳಿದರೆ ಒಳಗಿನ ಮೈಯೆಲ್ಲ ಅದರ ಜೊತೆಗೆ ಬಂತು. ತಲೆಯಾದರೆ ಕುತ್ತಿಗೆಯ ಮೇಲೆ ತಾನೊಂದೇ ತಿರುಗುತ್ತದೆ, ಕುಂಡೆಯಾದರೆ ಇಡೀ ದೇಹವನ್ನು ಎಳೆದುಕೊಂಡು ಬರುತ್ತದೆ. ಈ ದಿನಗಳಲ್ಲಿ ಕೂಸಿನ ತಲೆ ಕೆಳಗಿರಬೇಕು. ಮೇಲಿದ್ದರೆ ಹೆರಿಗೆಯಲ್ಲಿ ಮೈ ಮೊದಲು ಬಂದು ತಲೆ ಕೊನೆಗೆ ಸಿಕ್ಕಿಹಾಕಿಕೊಳ್ಳಬಹುದು, ಅದಕ್ಕೆ ಆಪರೇಶನ್ ಮಾಡುವ ಆಸ್ಪತ್ರೆ ಹತ್ತಿರವಿರಬೇಕು. ಇಷ್ಟು ಭವಾನಿಗೆ ಬಾಯಿಪಾಠ. ತರಬೇತಿಯಲ್ಲಿ ದಿಂಬಿನ ಚೀಲದೊಳಗೆ ಹತ್ತಿ ತುಂಬಿ, ನಡುವೆ ರಬ್ಬರಿನ ಗೊಂಬೆಯಿಟ್ಟು ಅಭ್ಯಾಸ ಮಾಡಿಸುತ್ತಿದ್ದರು, ಅವಳು ಒಮ್ಮೆಯೂ ತಪ್ಪಲಿಲ್ಲ. ಆ ಗೊಂಬೆಯ ತಲೆ ಒತ್ತಿದರೆ ಪೀಂ ಎನ್ನುತ್ತಿತ್ತು.

"ಎಷ್ಟ ಒತ್ತತೀಯವ್ವಾ, ರೊಟ್ಟಿ ಹಿಟ್ಟ ನಾದಿದಂಗ" ಎಂದಳು ಮುದಕಮ್ಮ. "ಕೂಸಿನ ಮೂಗ ಚಪ್ಪಟ ಆದೀತು."

"ನಿಮ್ಮ ಮಗ ಯಮನೂರನ ಮೂಗ ಚಪ್ಪಟ ಐತೆಲ್ಲ ಮುದಕಮ್ಮ, ಅದಕ್ಕ ಯಾರ ಒತ್ತಿದ್ರು?" ಬಾಗಿಲಲ್ಲಿ ಕುಳಿತು ಸರತಿಯ ಹೆಂಗಸರನ್ನು ನೋಡಿಕೊಳ್ಳುತ್ತಿದ್ದ ಆಶಾ ಕಾರ್ಯಕರ್ತೆ ಖೈರುನಬಿ ಕೇಳಿದಳು. ಹೆಂಗಸರು ನಕ್ಕರು.

"ನಿನ್ನ ಬಾಯಿಗೆ ಸರಕಾರ ಪಗಾರ ಕೊಡತೈತಿ ನೋಡವಾ" ಎಂದಳು ಮುದಕಮ್ಮ, ಕಣ್ಣನ್ನು ಮಾತ್ರ ಭವಾನಿಯ ಮುಖದಿಂದ ತೆಗೆಯದೆ.

ಸೆರಗಿನೊಳಗಿಂದ ದುರ್ಗಾದೇವಿ ಸಣ್ಣಗೆ ಹೇಳಿದಳು: "ಇಲ್ಲಿ ಎದಿ ಬುಡಕ ಒತ್ತತೈತ್ರಿ ಅಕ್ಕಾರ. ಬಗ್ಗಿದ್ರ ಉಸುರ ಕಟ್ಟತೈತಿ."

"ಒದಿಯೂದು ಎಲ್ಲಿ?"

"ಒದಿಯೂದು ತೆಳಗ್ರಿ."

ಕಾಲು ಕೆಳಗೆ, ಗಟ್ಟಿ ಮೇಲೆ. ಇನ್ನೇನು ಬೇಕು. ಭವಾನಿಗೆ ಬೇಕಾದದ್ದು ಒಂದೇ, ತನ್ನ ಕೈಯ ಮೇಲೆ ನಂಬಿಕೆ, ಅದು ಮಾತ್ರ ಎಲ್ಲೂ ಸರಬರಾಜಾಗುತ್ತಿರಲಿಲ್ಲ. ಅವಳ ಗಂಡ ಗುರುಬಸವನಿಗೆ ಅದು ಹೇರಳವಾಗಿತ್ತು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಮುನೀಮನಾಗಿದ್ದ ಅವನು ಭತ್ತದ ಚೀಲದೊಳಗೆ ಮುಂಗೈವರೆಗೆ ಕೈ ತೂರಿಸಿ, ಒಂದು ಹಿಡಿ ತೆಗೆದು, ಮೂಸಿ, ಹಸಿ ಇಷ್ಟಿದೆ, ನುಚ್ಚು ಇಷ್ಟಾಗುತ್ತದೆ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ಸುಳ್ಳಾದದ್ದೇ ಇಲ್ಲ. ಏಕೆಂದರೆ ಅವನು ಹೇಳಿದ ಮೇಲೆ ಎಲ್ಲ ಚೀಲಗಳನ್ನೂ ಒಂದೇ ರಾಶಿಗೆ ಸುರಿಯುತ್ತಿದ್ದರು. ರಾತ್ರಿ ಊಟಕ್ಕೆ ಕುಳಿತಾಗ ಅದೇ ಕೈಯಿಂದ ಅನ್ನ ಕಲಸುತ್ತಾ, "ನಿನ್ನ ಕೈಯಾಗ ಏನೂ ಕಡಿಮಿ ಇಲ್ಲ ಭವಾನಿ. ಹೇಳೂದು ಕಲೀಬೇಕು. ಹೇಳಿಬಿಟ್ರ ಅದ ಖರೇ ಆಗತೈತಿ" ಎನ್ನುತ್ತಿದ್ದ. ಅವಳು ಸಾರು ಬಡಿಸುತ್ತಾ, ಹಾಗಾದರೆ ಹೋದ ವರ್ಷ ಹೇಳಿದೆನಲ್ಲ ಎಂದುಕೊಳ್ಳುತ್ತಿದ್ದಳು. ಹೋದ ವರ್ಷ ಇದೇ ಮಂಚದ ಮೇಲೆ ಶಾಂತವ್ವನ ಸೊಸೆಯ ಹೊಟ್ಟೆ ಮುಟ್ಟಿ ಕೂಸು ಅಡ್ಡ ಇದೆ ಎಂದು ಹೇಳಿದ್ದಳು, ಗಟ್ಟಿಯಾಗಿ ಹೇಳಿದ್ದಳು, ಆಂಬುಲೆನ್ಸ್ ತರಿಸಿ ತಾನೇ ಜೊತೆಗೆ ದೊಡ್ಡ ಆಸ್ಪತ್ರೆಗೆ ಹೋಗಿದ್ದಳು. ಅಲ್ಲಿ ಸ್ಕ್ಯಾನ್ ಮಾಡಿದವರು ಪರದೆಯನ್ನು ಅವಳ ಕಡೆ ತಿರುಗಿಸಿ ತೋರಿಸಿದರು. ಕೂಸು ಪಾಠ ಪುಸ್ತಕದ ಚಿತ್ರದ ಹಾಗೆ ತಲೆ ಕೆಳಗೆ ಮಾಡಿಕೊಂಡು ಕುಳಿತಿತ್ತು. ಶಾಂತವ್ವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಊರಿಗೆ ಬಂದ ಮೇಲೆ ಮಾತಾಡಿದಳು, ಎಲ್ಲರ ಹತ್ತಿರ. ಅಡ್ಡ ಸಿಸ್ಟರ್ ಎಂಬ ಹೆಸರು ಬಂದದ್ದು ಹಾಗೆ. ಶಾಲೆ ಹುಡುಗರು ಕೂಡ ದೂರದಿಂದ ಹಾಗೆ ಕರೆದು ಓಡುತ್ತಿದ್ದರು. ದಾರಿಯ ಕುಲುಕಿಗೆ ಕೂಸು ತಿರುಗಿರಬಹುದು, ತಿರುಗುತ್ತವೆ, ಎಂದು ಅವಳು ಯಾರಿಗೂ ಹೇಳಲಿಲ್ಲ. ಹಾಗೆ ಹೇಳಿದರೆ ಅದು ಸಮರ್ಥನೆಯಾಗುತ್ತದೆ, ಮತ್ತು ತಿರುಗಿರದೆಯೂ ಇರಬಹುದು.

"ಯಾಕವಾ, ಮುಖ ಹಂಗ ಯಾಕ ಮಾಡಿದಿ?" ಎಂದಳು ಮುದಕಮ್ಮ.

"ಏನಿಲ್ಲ. ಡಾಕ್ಟರ ಬರತಾರ, ಅವರೂ ಒಮ್ಮೆ ನೋಡ್ಲಿ."

ಡಾಕ್ಟರ್ ಪ್ರಭುರಾಜ ಮಧ್ಯಾಹ್ನದ ಹೊತ್ತಿಗೆ ಬಂದರು. ಅವರ ಮೇಲೆ ನಾಲ್ಕಾರು ಊರುಗಳ ಭಾರವಿತ್ತು, ಜೊತೆಗೆ ಕಟ್ಟಿಸುತ್ತಿದ್ದ ಮನೆಯ ಭಾರ. ಅವತ್ತು ಟೈಲ್ಸ್ ಅಂಗಡಿಯವನು ಬೇರೆ ಬಣ್ಣದ್ದನ್ನು ಇಳಿಸಿ ಹೋಗಿದ್ದ. ಬಲಗೈಯಲ್ಲಿ ಫೋನು ಹಿಡಿದು ಅವನಿಗೆ ಬಣ್ಣಗಳ ವ್ಯತ್ಯಾಸ ವಿವರಿಸುತ್ತಾ, ಎಡಗೈಯನ್ನು ದುರ್ಗಾದೇವಿಯ ಸೀರೆಯ ಮೇಲಿಂದಲೇ ಹೊಟ್ಟೆಯ ಕೆಳಭಾಗಕ್ಕೆ ಇಟ್ಟರು. ಇಟ್ಟು ತೆಗೆಯುವಷ್ಟರಲ್ಲಿ ತಿಳಿದುಹೋಗಿತ್ತು. ಫೋನಿಗೆ ಕೈ ಅಡ್ಡ ಹಿಡಿದು, "ತಲಿ ತೆಳಗ ಐತಿ. ಬರಕೋ" ಎಂದರು.

"ಸರ್, ಮ್ಯಾಲ ಸ್ವಲ್ಪ ಗಟ್ಟಿ ಹತ್ತತೈತ್ರಿ ಸರ್."

"ಗಟ್ಟಿ ಇರಬೇಕಲ್ಲಮ್ಮ. ಕೂಸು ಅದು, ಬೆಣ್ಣಿ ಮುದ್ದಿ ಏನು?" ಹೆಂಗಸರು ನಕ್ಕದ್ದರಿಂದ ಅವರಿಗೆ ಉತ್ಸಾಹ ಬಂತು. "ನಿನ್ನ ಆ ಅಡ್ಡ ಕೂಸು ಹೆಂಗೈತಿ? ನೆಟ್ಟಗ ನಡ್ಯಾಕ ಹತ್ತೇತಿಲ್ಲ?"

ಇನ್ನೊಂದು ಸಲ ನಗು ಎದ್ದಿತು. ಭವಾನಿಯೂ ನಕ್ಕಳು. ಸಾಹೇಬರು ತಮಾಷೆ ಮಾಡಿದಾಗ ನಗುವುದು ನೌಕರಿಯ ಷರತ್ತುಗಳಲ್ಲಿ ಬರೆದಿರದಿದ್ದರೂ ಎಲ್ಲರೂ ಪಾಲಿಸುತ್ತಾರೆ. ನಗುತ್ತಲೇ ತಾಯಿ ಕಾರ್ಡಿನಲ್ಲಿ ತಲೆ ಕೆಳಗೆ ಎಂದು ಬರೆದಳು, ಬರೆಯುವಾಗ ತನ್ನ ಅಕ್ಷರ ಎಷ್ಟು ದುಂಡಗಿದೆ ಎನಿಸಿತು. ಡಾಕ್ಟರ್ ಹೇಳಿದ್ದು ಸುಳ್ಳೆಂದು ಅವಳ ಹತ್ತಿರ ಪುರಾವೆ ಏನಿತ್ತು? ಅವರು ಓದಿದವರು, ಸಾವಿರಾರು ಹೊಟ್ಟೆ ನೋಡಿದವರು, ಒಂದು ಕೈ ಸಾಕಾಗಿರಬಹುದು. ಅವರನ್ನು ಸೋಮಾರಿ ಎಂದು ಬೈದುಕೊಂಡು ಸಮಾಧಾನಪಡುವ ಹಾಗೂ ಇರಲಿಲ್ಲ, ಸೋಮಾರಿಗಳು ಸರಿ ಹೇಳಬಾರದೆಂದೇನಿಲ್ಲ. ಗುರುಬಸವ ಹೇಳುವಂತೆ ಹೇಳಿಬಿಟ್ಟದ್ದೇ ಖರೆಯಾಗುವುದಾದರೆ, ಕೂಸು ಈಗಾಗಲೇ ಸಾಹೇಬರ ಮಾತು ಕೇಳಿ ತಿರುಗಿರಲೂಬಹುದು. ಐದನೇ ತಿಂಗಳಲ್ಲಿ ಒಂದು ಸ್ಕ್ಯಾನ್ ಆಗಿತ್ತು, ಆದರೆ ಐದನೇ ತಿಂಗಳಲ್ಲಿ ಕೂಸುಗಳೆಲ್ಲ ಪಲ್ಟಿ ಹೊಡೆಯುತ್ತಿರುತ್ತವೆ, ಅದನ್ನು ನಂಬುವುದೆಂದರೆ ಮಗುವಾಗಿದ್ದಾಗ ತೆಗೆಸಿದ ಫೋಟೋ ತೋರಿಸಿ ಬಸ್ಸಿನಲ್ಲಿ ರಿಯಾಯಿತಿ ಕೇಳಿದ ಹಾಗೆ.

ಸಾಹೇಬರ ಕಾರು ಹೋದ ಮೇಲೆ ಖೈರುನಬಿ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. "ಸಿಸ್ಟರ್ರ, ಮುದಕಮ್ಮ ಸೊಸಿನ್ನ ಇವತ್ತ ತವರಮನಿಗೆ ಕಳಸ್ತಾಳಂತ. ನಾಡಿದ್ದು ಅಮಾಸಿ, ಆಮ್ಯಾಲ ಕಳಸಾಕ ಬರಂಗಿಲ್ಲಂತ. ಬಟ್ಟಿ ಕಟ್ಟಾಕ ಮನಿಗೆ ಹೇಳಿ ಕಳಿಸ್ಯಾಳ."

"ಗಂಗಾವತಿಗೆ ಅಂದಿದ್ಲಲ್ಲ?"

"ಅಂದಿದ್ಲು. ನಿಮ್ಮ ಮುಖ ನೋಡಿದ್ಲಲ್ಲ."

ಭವಾನಿಗೆ ಅರ್ಥವಾಗಲಿಲ್ಲ. ಖೈರುನಬಿ ಗೋಡೆಯ ಬೋರ್ಡಿನ ಕಡೆ ಕೈ ತೋರಿಸಿದಳು. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುವುದು, ಕೇಳುವುದು ಅಪರಾಧ ಎಂಬ ಬೋರ್ಡು. "ಬಾಯಿಲೆ ಹೇಳಂಗಿಲ್ಲ ಅಂತ ಸರಕಾರ ಅಂತೈತಿ. ಹಂಗಾದ್ರ ಮುಖ ನೋಡಬೇಕು ಅಂತ ಊರವರು ಅಂತಾರ. ಹೊಟ್ಟಿ ಮುಟ್ಟಿದಾಗ ಸಿಸ್ಟರ್ ಮುಖ ಬಾಡಿದ್ರ ಹೆಣ್ಣು. ನಕ್ರ ಗಂಡು. ನಿಮಗ ಇಷ್ಟ ವರ್ಷ ಆತು, ಗೊತ್ತ ಇಲ್ಲೇನ್ರಿ? ಅದಕ್ಕ ಸ್ಕ್ಯಾನ್ ಮಾಡಾವ್ರು ಕೊರೊನಾ ಹೋದ್ರೂ ಮಾಸ್ಕ್ ಬಿಟ್ಟಿಲ್ಲ ನೋಡ್ರಿ."

ಕೈಗೆ ಗಂಡು ಹೆಣ್ಣು ತಿಳಿಯುವುದಿಲ್ಲ ಎಂದು ಯಾರಿಗೆ ಹೇಳುವುದು. ತಲೆಯೇ ಸರಿಯಾಗಿ ತಿಳಿಯದ ಕೈಗೆ ಇಂಥ ಸಾಮರ್ಥ್ಯವನ್ನು ಊರು ಕೊಟ್ಟುಬಿಟ್ಟಿತ್ತು, ಅದೂ ಬಹಳ ವರ್ಷಗಳ ಹಿಂದೆಯೇ, ಅವಳಿಗೆ ತಿಳಿಸದೆ. ಹಾಗಾದರೆ ಇಷ್ಟು ವರ್ಷ ಮಂಚದ ಪಕ್ಕ ನಿಂತು ತಾನು ಏನೇನು ಹೇಳಿರಬಹುದು? ಎಲ್ಲೋ ಗ್ಯಾಸ್ ಒಲೆ ಆರಿಸಿದೆನೋ ಇಲ್ಲವೋ ಎಂದು ಯೋಚಿಸುತ್ತಾ ಯಾರ ಹೊಟ್ಟೆಯನ್ನೋ ಒತ್ತಿದ ದಿನ, ಮೇಲಧಿಕಾರಿ ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿದ ಮರುದಿನ, ಹಲ್ಲು ನೋಯುತ್ತಿದ್ದ ವಾರವೆಲ್ಲ, ಈ ಊರಿನ ಎಷ್ಟು ಮನೆಗಳಲ್ಲಿ ಅವಳು ಹೆಣ್ಣು ಹುಟ್ಟಿಸಿದ್ದಳು? ಆ ಮನೆಗಳಲ್ಲಿ ಎಷ್ಟು ಬಸುರಿಯರ ತಟ್ಟೆಯಿಂದ ಅಂದಿನಿಂದ ತುಪ್ಪ ಕಡಿಮೆಯಾಗಿತ್ತು? ಎದುರಿನ ಗೋಡೆಯ ಸಣ್ಣ ಕನ್ನಡಿಯಲ್ಲಿ ಮುಖ ಕಂಡಿತು. ಹಣೆಯ ಮೇಲೆ ನಿಂತುಬಿಟ್ಟ ಎರಡು ಗೆರೆ, ಇಳಿದ ತುಟಿಗಳು. ಶಾಲೆಯಲ್ಲಿ ಮಾಸ್ತರರು, ಅಳಬೇಡವೇ ಭವಾನಿ, ಇನ್ನೂ ಹೊಡೆದಿಲ್ಲ ಎನ್ನುತ್ತಿದ್ದರು. ಅದು ಹುಟ್ಟಿನಿಂದ ಬಾಡಿದ ಮುಖ.

ಅಳವಂಡಿ ಕಡೆಯ ಆ ಊರು ದುರ್ಗಾದೇವಿ ಹೇಳಿದಂತೆ ಬಸ್ಸು ಇಳಿದ ಮೇಲೂ ನಡೆಯಬೇಕಾದ ಊರು. ತಾಯಿಯೊಬ್ಬಳೇ. ನೋವು ಬಂದರೆ ಗಾಡಿ ಹುಡುಕಬೇಕು, ಗಾಡಿ ಸಿಕ್ಕರೆ ದಾರಿ, ದಾರಿಯಲ್ಲಿ ಕಾಲು ಮೊದಲು ಬಂದರೆ. ಭವಾನಿ ಎದ್ದು ಹೊರಗೆ ಬಂದಳು. ಕಟ್ಟೆಯ ಮೇಲೆ ಮುದಕಮ್ಮ ಎಲೆ ಅಡಿಕೆ ಮಡಿಸುತ್ತಿದ್ದಳು, ಸೊಸೆ ಸ್ವಲ್ಪ ದೂರದಲ್ಲಿ ಗೋಡೆಗೆ ಆತು ಕುಳಿತಿದ್ದಳು. ಅರ್ಧ ದಿನದಲ್ಲಿ ಅವಳು ಕುಳಿತುಕೊಳ್ಳುವ ಜಾಗವೂ ದೂರವಾಗಿತ್ತು.

"ಮುದಕಮ್ಮವ್ವ, ಆಕಿನ್ನ ಈಗ ಊರಿಗೆ ಕಳಸಬ್ಯಾಡ್ರಿ. ನನ್ನ ಕೈಗೆ ಕೂಸಿನ ತಲಿ ಮ್ಯಾಲ ಹತ್ತತೈತಿ. ಗಂಗಾವತಿಯೊಳಗ ಒಂದ ಸ್ಕ್ಯಾನ್ ಮಾಡಿಸ್ರಿ, ದವಾಖಾನಿ ಹತ್ರ ಇರ್ಲಿ." ಹೇಳಿದ್ದಾಯಿತು. ಪೂರ್ತಿ ವಾಕ್ಯಗಳೇ ಬಂದಿದ್ದವು.

ಮುದಕಮ್ಮ ಸುಣ್ಣ ಹಚ್ಚಿ ಮುಗಿಸಿದಳು. "ಡಾಕ್ಟರ ತೆಳಗ ಅಂದ್ರು. ನೀ ಮ್ಯಾಲ ಅಂತಿ. ಚೀಟಿ ಮ್ಯಾಲ ನೀನ ಏನ ಬರದಿ?"

ಭವಾನಿ ಸೊಸೆಯ ಕೈಯಲ್ಲಿದ್ದ ಕಾರ್ಡಿನ ಕಡೆ ನೋಡಿದಳು.

"ಶಾಂತವ್ವನ ಸೊಸಿಗೆ ಅಡ್ಡ ಅಂದಿದ್ದಿ. ಇಕಿಗೆ ಮ್ಯಾಲ ಅಂತಿ. ಮುಂದ ಯಾರದರ ಹೊಟ್ಟ್ಯಾಗಿಂದ ಕೂಸು ಎದ್ದ ಹೊರಗ ಹೋಗೇತಿ ಅಂದೀ." ಎಲೆಯನ್ನು ಬಾಯಿಗಿಟ್ಟುಕೊಂಡು ಮೆತ್ತಗಿನ ದನಿಯಲ್ಲಿ ಹೇಳಿದಳು, "ನೀ ಛಲೋ ಹೆಣಮಗಳದಿ, ಬಾಯಿಬಿಟ್ಟು ಹೇಳಂಗಿಲ್ಲ ನಿನಗ, ನನಗ ತಿಳೀತೈತಿ. ಹೆಣ್ಣಿಗೆ ಸ್ಕ್ಯಾನ್ ಯಾಕ ಬೇಕವಾ. ಅವರವ್ವ ನೋಡ್ಕೊಂತಾಳ."

ಸತ್ಯ ಹೇಳಿದರೆ ಏನಾಗುತ್ತದೆ ಎಂಬ ಭವಾನಿಯ ಬಹುದಿನದ ಕುತೂಹಲಕ್ಕೆ ಉತ್ತರ ಸಿಕ್ಕಿತ್ತು. ಏನೂ ಆಗುವುದಿಲ್ಲ. ಅವಳು ಕೊನೆಗೆ, "ಹೋಗೂ ಮೊದಲ ಇನ್ನೊಮ್ಮೆ ಮುಟ್ಟಿ ನೋಡ್ತೀನ್ರಿ, ಅಷ್ಟ" ಎಂದಳು. ಬಸ್ಸಿಗೆ ಹೊತ್ತಿತ್ತು. ಮುದಕಮ್ಮ ಧಾರಾಳವಾಗಿ ಒಪ್ಪಿದಳು.

ಖೈರುನಬಿ ತನ್ನ ಮನೆಗೆ ದುರ್ಗಾದೇವಿಯನ್ನು ಕರೆದೊಯ್ದು ಮೂತ್ರ ಮಾಡಿಸಿಕೊಂಡು ಬಂದಳು. ಈಗ ಚೀಲ ಖಾಲಿ, ಕೈ ಬಿಸಿ, ಡಾಕ್ಟರ್ ಇಲ್ಲ. ಈಗ ತಿಳಿಯದಿದ್ದರೆ ಇನ್ನು ಯಾವಾಗ. ಭವಾನಿ ಕಣ್ಣು ಮುಚ್ಚಿ ಕೈಯಿಟ್ಟಳು. ಮೇಲೆ ಗಟ್ಟಿ ಇತ್ತು. ಕೆಳಗೆ, ಬೆಳಿಗ್ಗೆ ಮೆತ್ತಗಿದ್ದಲ್ಲಿ, ಈಗ ಅಲ್ಲೂ ಏನೋ ಗಟ್ಟಿ. ಅಂದರೆ ಬೆಳಿಗ್ಗೆ ಮೆತ್ತಗೆ ತಾಗಿದ್ದು ತುಂಬಿದ ಮೂತ್ರದ ಚೀಲವೇ? ಅಥವಾ ಈಗ ಹೊಟ್ಟೆ ಬಿಗಿದುಕೊಂಡಿದೆಯೇ? ಕಾದಳು, ಸಡಿಲವಾಯಿತು, ಮತ್ತೆ ಒತ್ತಿದಳು. ಮೇಲಿನದು ಈಗ ಬೆಳಗಿನಷ್ಟು ದುಂಡಗಿಲ್ಲ ಎನಿಸಿತು. ಇನ್ನೊಮ್ಮೆ ಒತ್ತಿದಳು, ಇದೆ ಎನಿಸಿತು. ಎಷ್ಟು ಸಲ ಕೇಳಿದರೆ ಅಷ್ಟು ಉತ್ತರ ಕೊಡುವ ಕೈಗಳು. ಕೂಸಿನ ಎದೆಬಡಿತ ಕೇಳುವ ಕೊಳವೆಯನ್ನು ಹೊಟ್ಟೆಗಿಟ್ಟು ಕಿವಿ ಹಚ್ಚಿದಳು. ತಲೆ ಮೇಲಿದ್ದರೆ ಎದೆಬಡಿತ ಹೊಕ್ಕುಳದ ಮೇಲ್ಭಾಗಕ್ಕೆ ಕೇಳಬೇಕು, ಕೆಳಗಿದ್ದರೆ ಕೆಳಭಾಗಕ್ಕೆ. ಅದು ಸರಿಯಾಗಿ ಹೊಕ್ಕುಳದ ನೇರಕ್ಕೆ, ಯಾವ ಪಕ್ಷಕ್ಕೂ ಸೇರದೆ, ಅವಸರವಸರವಾಗಿ ಬಡಿದುಕೊಳ್ಳುತ್ತಿತ್ತು. ಚೆನ್ನಾಗಿಯೇ ಬಡಿಯುತ್ತಿತ್ತು. ಮಧ್ಯಾಹ್ನ ತಾನು ಡಾಕ್ಟರಿಗೆ ಹೇಳಹೊರಟದ್ದು, ಈಗ ಮುದಕಮ್ಮನಿಗೆ ಹೇಳಿದ್ದು, ಎಲ್ಲ ಸುಳ್ಳಿರಬಹುದು. ಸುಳ್ಳಲ್ಲದೆಯೂ ಇರಬಹುದು. ಸುಳ್ಳಲ್ಲದಿದ್ದರೆ ಈ ಬಡಿತ ಅಳವಂಡಿ ಕಡೆಯ ಯಾವುದೋ ಕಾಲುದಾರಿಯಲ್ಲಿ ನಿಲ್ಲುತ್ತದೆ, ಆಗ ತಾಯಿ ಕಾರ್ಡಿನಲ್ಲಿ ತಲೆ ಕೆಳಗೆ ಎಂದು ಅವಳದೇ ದುಂಡು ಅಕ್ಷರದಲ್ಲಿ ಇರುತ್ತದೆ.

ಕೊಳವೆಯಿಂದ ಕಿವಿ ತೆಗೆದಾಗ ಎದುರಿಗೆ ಮುದಕಮ್ಮನ ಮುಖ ಬಗ್ಗಿಯೇ ಇತ್ತು. ಕೊನೆಯ ಸಲ ಖಾತ್ರಿ ಮಾಡಿಕೊಳ್ಳುತ್ತಿದ್ದ ಕಣ್ಣುಗಳು. ಭವಾನಿ ನಕ್ಕಳು. ಯೋಚಿಸಿ ನಕ್ಕಳೋ, ಯೋಚನೆಗೆ ಮೊದಲೇ ಕೆನ್ನೆ ಎದ್ದಿತೋ ಅವಳಿಗೂ ಆಮೇಲೆ ಸ್ಪಷ್ಟವಿರಲಿಲ್ಲ. ಮೊದಲು ಸಣ್ಣಗೆ, ಆಮೇಲೆ ಅದು ಸಾಲದೆನಿಸಿ ಹಲ್ಲು ಕಾಣುವಂತೆ. ಅಭ್ಯಾಸವಿಲ್ಲದ ಸ್ನಾಯುಗಳು ನೋಯುತ್ತಿದ್ದವು. ಸೀರೆ ಸರಿಮಾಡುತ್ತಾ ದುರ್ಗಾದೇವಿಯ ಕೆನ್ನೆ ತಟ್ಟಿದಳು ಕೂಡ.

ಮುದಕಮ್ಮ ಬಾಯಲ್ಲಿದ್ದ ಎಲೆಯನ್ನು ಜಗಿಯುವುದು ನಿಲ್ಲಿಸಿದಳು. "ಬೆಳಗ್ಗೆ ಮುಖ ಬಾಡಿತ್ತಲ್ಲ?"

"ಬೆಳಗ್ಗೆ ಸರಿ ತಿಳಿದಿರಲಿಲ್ಲ" ಎಂದಳು ಭವಾನಿ. ಅಷ್ಟು ಮಟ್ಟಿಗೆ ಅದು ನಿಜ.

ಆಮೇಲಿನದೆಲ್ಲ ಸರಕಾರಿ ಯೋಜನೆಗಳಲ್ಲಿ ಎಂದೂ ಕಾಣದ ವೇಗದಲ್ಲಿ ನಡೆಯಿತು. ಕಟ್ಟಿದ ಬಟ್ಟೆಯ ಗಂಟು ಅದೇ ಇತ್ತು, ದಿಕ್ಕು ಬದಲಾಯಿತು. ಯಮನೂರ ಬಾಡಿಗೆ ಕಾರು ತಂದ. ಸೊಸೆ ಕುಳಿತುಕೊಳ್ಳುವ ಕಡೆ ಮುದಕಮ್ಮ ತನ್ನ ಹಾಸಿಗೆಯ ಮಡಿಕೆಯನ್ನೇ ಹಾಸಿದಳು, ಕಿಟಕಿಯಿಂದ ಗಾಳಿ ಬಡಿಯದಂತೆ ಟವೆಲು ಸಿಕ್ಕಿಸಿದಳು. "ಸಣ್ಣ ದವಾಖಾನಿ ಬ್ಯಾಡ ಯಮನೂರ, ದೊಡ್ಡದಕ್ಕ ನಡಿ. ಸಿಸ್ಟರ್ ತಲಿ ಮ್ಯಾಲ ಐತಿ ಅಂದಾಳ, ಹುಡುಗಾಟಾ ಏನು?" ಹೊಟ್ಟೆಯೊಳಗಿನ ಕೂಸು ಗಂಡಾದ ಕೂಡಲೇ ಅದರ ತಲೆಗೂ ಬೆಲೆ ಬಂದಿತ್ತು.

ಕಾರಿನ ಧೂಳು ಇಳಿದ ಮೇಲೆ ಖೈರುನಬಿ ಕೇಳಿದಳು: "ಸಿಸ್ಟರ್ರ, ನಿಮ್ಮ ಕೈಗೆ ಅದೂ ತಿಳೀತೈತೇನ್ರಿ?"

"ಇಲ್ಲ."

"ಮತ್ತ?"

"ಮತ್ತೇನ. ನಕ್ಕರ ತಪ್ಪೇನ?"

"ತಪ್ಪಲ್ರಿ" ಎಂದು ಖೈರುನಬಿ ಗೋಡೆಯ ಬೋರ್ಡನ್ನು ಒಮ್ಮೆ ನೋಡಿದಳು. "ಅದರಾಗ ನಗಬಾರದು ಅಂತ ಬರದಿಲ್ಲ." ಅವಳ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ.

ಗಂಗಾವತಿಯ ಆ ದೊಡ್ಡ ಆಸ್ಪತ್ರೆಯಲ್ಲಿ ನಾಲ್ಕು ದಿನದ ಮೇಲೆ ದುರ್ಗಾದೇವಿಗೆ ಸಿಸೇರಿಯನ್ ಆಯಿತು. ಕೂಸು ಚೆನ್ನಾಗಿತ್ತು, ತಾಯಿಯೂ ಚೆನ್ನಾಗಿದ್ದಳು. ಹೆಣ್ಣು. ಮುದಕಮ್ಮ ಆಸ್ಪತ್ರೆಯ ಮೆಟ್ಟಿಲಿಳಿದವಳು ಮತ್ತೆ ಹತ್ತಲಿಲ್ಲ ಎಂದೂ, ಯಮನೂರ ಬಿಲ್ಲು ಕಟ್ಟುವಾಗ ಕೌಂಟರಿನವಳ ಜೊತೆ ಜಗಳ ತೆಗೆದನೆಂದೂ, ಹೊಲಿಗೆ ಮಾಗುವ ಮುನ್ನವೇ ಬಾಣಂತಿಯನ್ನು ಎರಡೂ ಮಕ್ಕಳ ಜೊತೆ ಅಳವಂಡಿ ಕಡೆಯ ಬಸ್ಸಿಗೆ ಹತ್ತಿಸಿದರೆಂದೂ ಖೈರುನಬಿ ತುಂಡು ತುಂಡಾಗಿ ಸುದ್ದಿ ತಂದಳು. ಭವಾನಿಗೆ ಕೇಳಬೇಕಾದದ್ದು ಒಂದೇ ಇತ್ತು, ಅದನ್ನು ಕೇಳಲು ನಾಚಿಕೆಯಾಗುತ್ತಿತ್ತು. ಒಬ್ಬ ಬಾಣಂತಿ ಹಸಿ ಹೊಲಿಗೆ ಹಿಡಿದುಕೊಂಡು ಬಸ್ಸಿನಲ್ಲಿ ಹೋದಳು ಎಂಬಲ್ಲಿ, ಅವಳ ಕೂಸಿನ ತಲೆ ಯಾವ ಕಡೆಗಿತ್ತು, ನನ್ನ ಕೈ ಸರಿಯಿತ್ತೇ ಎಂದು ಕೇಳುವುದು ಹೇಗೆ. ಕೇಳದಿದ್ದರೆ ಊಟ ಇಳಿಯುತ್ತಿರಲಿಲ್ಲ. ಒಂದು ಭಾನುವಾರ ಗುರುಬಸವನಿಗೆ ಸಂತೆ ಎಂದು ಹೇಳಿ ಆ ಆಸ್ಪತ್ರೆಗೆ ಹೋದಳು. ಕೌಂಟರಿನ ಹುಡುಗಿ ತಲೆಯೆತ್ತದೆ, "ಪೇಶಂಟಿಗೆ ನೀವ ಏನಾಗಬೇಕ್ರಿ?" ಎಂದಳು. ಏನಾಗಬೇಕು ಎಂದು ಭವಾನಿ ನಿಂತಲ್ಲೇ ಯೋಚಿಸುತ್ತಿದ್ದಂತೆ ಹಿಂದಿನವರು ಚೀಟಿ ಮುಂದೆ ಚಾಚಿದರು. ಹೊರಗೆ ಬಂದು ಬದನೆಕಾಯಿ ಕೊಂಡಳು, ಸಂತೆಗೆ ಹೋಗಿದ್ದಕ್ಕೆ ಸಾಕ್ಷಿ ಬೇಕಲ್ಲ. ಖೈರುನಬಿಯ ಮೂಲಕ ತರಿಸಿ ನೋಡಿದ ಆಸ್ಪತ್ರೆಯ ಚೀಟಿಯಲ್ಲಿ ಕೂಸಿನ ಸುತ್ತಲಿನ ನೀರು ಕಡಿಮೆ, ಅದಕ್ಕಾಗಿ ಆಪರೇಶನ್ ಎಂದಷ್ಟೇ ಇತ್ತು. ಅಲ್ಲಿ ಹೆಚ್ಚಿನವರಿಗೆ ನೀರು ಕಡಿಮೆಯೇ ಇರುತ್ತದೆ ಎನ್ನುತ್ತಾಳೆ ಖೈರುನಬಿ.

ಮುದಕಮ್ಮ ಒಮ್ಮೆ ರೇಶನ್ ಅಂಗಡಿಯ ಸರತಿಯಲ್ಲಿ ಎದುರಾದಳು. ಬೈಯಬಹುದೆಂದು ಭವಾನಿ ಸಿದ್ಧಳಾಗಿದ್ದಳು, ಬೈದರೆ ಹಗುರಾಗುತ್ತದೆ ಎಂದೂ ಆಸೆಯಿತ್ತು. ಮುದಕಮ್ಮ ಬೈಯಲಿಲ್ಲ. "ನೀ ನಗಬಾರದಿತ್ತವ್ವಾ" ಎಂದಳು, ನಿಜಕ್ಕೂ ನೊಂದವಳಂತೆ, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ಮುಂದೆ ಹೋದಳು.

ಕೊನೆಗೆ ಭವಾನಿ ದುರ್ಗಾದೇವಿಯ ತಾಯಿಯ ಫೋನಿಗೆ ಕರೆ ಮಾಡಿದಳು. ಹೊಲಿಗೆ ಹೇಗಿದೆ, ಹಾಲು ಬರುತ್ತಿದೆಯೇ, ಜ್ವರ ಇದೆಯೇ, ಎಲ್ಲ ಕ್ರಮವಾಗಿ ಕೇಳಿದಳು. ಎಲ್ಲ ಚಲೋ ಐತ್ರಿ ಎಂದಳು ದುರ್ಗಾದೇವಿ. ಹಿಂದೆ ಕೂಸು ಅಳುತ್ತಿತ್ತು, ದೊಡ್ಡ ಹುಡುಗಿ ಅದಕ್ಕೆ ಏನೋ ಹೇಳುತ್ತಿದ್ದಳು.

"ದುರ್ಗಾ, ಅಲ್ಲಿ ಕೂಸಿನ ತಲಿ ಮ್ಯಾಲ ಇತ್ತು, ತೆಳಗ ಇತ್ತು ಅಂತ ಯಾರರ ಅಂದ್ರೇನು? ತಗಿಯೂ ಮುಂದ ಕಾಲ ಮೊದಲ ಬಂತು ಅಂತ ಏನರ?"

"ಪಡದಾ ಕಟ್ಟಿದ್ರು ಅಕ್ಕಾರ ಎದಿಮುಂದ. ಏನೂ ಕಾಣಲಿಲ್ಲ. ಅವರವರ ಇಂಗ್ಲೀಷಿನ್ಯಾಗ ಮಾತಾಡ್ಕೊಂಡ್ರು. ಕೂಸು ಅತ್ತದ್ದ ಅಷ್ಟ ಕೇಳಿತು."

ಸರಿ ಎಂದು ಫೋನಿಡುವಷ್ಟರಲ್ಲಿ ಆ ಕಡೆಯಿಂದ ಮತ್ತೆ ದನಿ ಬಂತು. "ಅಕ್ಕಾರ, ಅವತ್ತ ನೀವು ನಕ್ಕಿದ್ರಲ್ಲ. ಸೆರಗಿನಾಗಿಂದ ನಾನೂ ನೋಡಿದ್ನಿ. ನಾನೂ ನಂಬಿದ್ನಿರಿ." ಅಳುವ ಕೂಸನ್ನು ಅವಳು ಎತ್ತಿಕೊಂಡದ್ದು ಕೇಳಿಸಿತು. "ಆ ನಾಕು ದಿನ ಅತ್ತಿ ನನಗ ಬಿಸಿನೀರ ಕಾಸಿ ಕೊಟ್ಲು."

ಭವಾನಿ ಏನು ಹೇಳಿದಳು ಎಂದು ನಾನು ಕೇಳಿದೆ. ಹೊಲಿಗೆಗೆ ನೀರು ತಾಗಿಸಬೇಡ ಎಂದು ಹೇಳಿ ಫೋನಿಟ್ಟಳಂತೆ. ಆ ದಿನ ಕೂಸಿನ ತಲೆ ಎಲ್ಲಿತ್ತು ಎಂಬುದು ನನಗೆ ಗೊತ್ತಿಲ್ಲ, ಭವಾನಿಗೂ ಗೊತ್ತಿಲ್ಲ. ಡಾಕ್ಟರ್ ಪ್ರಭುರಾಜರಿಗೆ ಗೊತ್ತಿರಬಹುದು, ಅವರು ಸರಿಯಾಗಿಯೇ ಹೇಳಿರಬಹುದು. ತಾಯಿಯ ಊರಿನಲ್ಲೇ ಹೆರಿಗೆಯಾಗಿದ್ದರೆ ಆ ಹೆಣ್ಣುಕೂಸು ಬದುಕುತ್ತಿದ್ದಳೇ, ಹೊಟ್ಟೆ ಕೊಯ್ಯದೆಯೇ ಹುಟ್ಟುತ್ತಿದ್ದಳೇ, ಅದನ್ನೂ ಹೇಳಲಾರೆ. ಯಮನೂರ ಹೆಂಡತಿಯನ್ನು ಕರೆಯಲು ಇಷ್ಟರವರೆಗೆ ಹೋಗಿಲ್ಲ. ಹೋಗುತ್ತಾನೋ ಇಲ್ಲವೋ ಗೊತ್ತಿಲ್ಲ.